ಒಗ್ಗರಣೆ ಡಬ್ಬಿಯಲ್ಲಿ ಗುರುವಾರ

ಹೆಂಡತಿ ತವರಿಗೆ ಹೋಗಿದ್ದ ದಿನ ಮೊಸರನ್ನಕ್ಕೆ ಒಗ್ಗರಣೆ ಹಾಕುವ ಹುಮ್ಮಸ್ಸು ನನಗೆ ಬಂತು. ಸೌಟಿನಲ್ಲಿ ಎಣ್ಣೆ ಕಾಯುತ್ತಿತ್ತು. ಗೂಡಿನಲ್ಲಿದ್ದ ಸ್ಟೀಲಿನ ಒಗ್ಗರಣೆ ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಕಣ್ಣನ್ನು ಎಣ್ಣೆಯ ಮೇಲೆಯೇ ಇಟ್ಟುಕೊಂಡು ಬಟ್ಟಲಿಗೆ ಬೆರಳು ಹಾಕಿದೆ. ಕೈಗೆ ಸಿಕ್ಕಿದ್ದು ಸಾಸಿವೆಯಲ್ಲ. ನೋಡಿದರೆ ಎರಡು ಬಿಳಿ, ಒಂದು ಗುಲಾಬಿ, ಒಂದು ಹಳದಿ, ಮುರಿದ ಅರ್ಧ ಚಂದ್ರನಂಥದ್ದು ಇನ್ನೊಂದು. ಒಳಕೋಣೆಯಿಂದ ಅಮ್ಮ ಕೂಗಿದಳು: “ಅದು ಗುರುವಾರ ಮಾರಾಯ, ಮುಟ್ಟಬೇಡ!”

ಅಮ್ಮನಿಗೆ 86. ಅವಳ ಮಾತ್ರೆಗಳಿಗೆಂದು ಮೊಮ್ಮಗ ಬೆಂಗಳೂರಿನಿಂದ ಏಳು ಮನೆಗಳ ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟಿದ್ದ. ಅದರ ಮೇಲೆ ವಾರಗಳ ಮೊದಲಕ್ಷರ ಇಂಗ್ಲಿಷಿನಲ್ಲಿ. ಎರಡು ‘ಟಿ’, ಎರಡು ‘ಎಸ್’. ಮಂಗಳವಾರ ಯಾವುದು, ಗುರುವಾರ ಯಾವುದು ಎಂಬ ಗೊಂದಲ ಒಂದು ಕಡೆ. ಸಂಧಿವಾತದ ಬೆರಳಿಗೆ ಅದರ ಮುಚ್ಚಳ ತೆರೆಯುವುದೇ ಇಲ್ಲ ಎಂಬುದು ಇನ್ನೊಂದು ಕಡೆ. ಮೂರನೆಯ ದಿನ ಅಮ್ಮ ಅದನ್ನು ಗುಂಡುಪಿನ್ನು ಹಾಕಲು ಇಟ್ಟುಕೊಂಡಳು. ತನ್ನ ಮದುವೆಯ ಕಾಲದ ಒಗ್ಗರಣೆ ಡಬ್ಬಿಯನ್ನು ಅಟ್ಟದಿಂದ ಇಳಿಸಿ, ತೊಳೆದು, ಒರೆಸಿ, ವಾರವನ್ನು ಹಂಚಿದಳು. ಸುತ್ತಲಿನ ಆರು ಬಟ್ಟಲು ಸೋಮವಾರದಿಂದ ಶನಿವಾರ, ನಡುವಿನದು ಭಾನುವಾರ. ಇದಕ್ಕಿಂತ ಸರಳವಾದ ಪಂಚಾಂಗ ನಾನು ನೋಡಿಲ್ಲ. ಒಂದೇ ದೋಷವೆಂದರೆ ಐವತ್ತು ವರ್ಷದ ಜೀರಿಗೆ, ಮೆಂತ್ಯದ ವಾಸನೆ ಉಕ್ಕಿಗೂ ಹತ್ತಿಕೊಂಡಿದೆ. ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆಗೆ ಇವತ್ತಿಗೂ ಸಣ್ಣಗೆ ಇಂಗಿನ ಘಮ.

ಏಳು ಬಟ್ಟಲಿನ ಲೆಕ್ಕ ತಮಾಷೆಯಲ್ಲ. ಕೆಲವು ಮಾತ್ರೆಗಳು ವಾರಕ್ಕೆ ಒಂದೇ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಅಂಥದ್ದು. ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಕೂಡ ವಾರಕ್ಕೊಂದು ದಿನದ್ದು. ಅದನ್ನು ದಿನವೂ ನುಂಗಿ ಪ್ರಾಣ ಕಳೆದುಕೊಂಡವರು ಲೋಕದ ಎಲ್ಲ ಕಡೆ ಇದ್ದಾರೆ. ಚೀಟಿಯಲ್ಲಿ ‘ವಾರಕ್ಕೆ’ ಎಂದು ಬರೆದ ಒಂದು ಪದ, ಮಂಜಾದ ಕಣ್ಣು, ಅವಸರದ ಅಂಗಡಿ, ಇಷ್ಟು ಸಾಕು.

ಚೀಟಿಯ ಭಾಷೆಯೇ ಬೇರೆ. ಮೊದಮೊದಲು ಅಮ್ಮ 1-0-1 ಎಂಬುದನ್ನು ಓದಿ ಗಾಬರಿಯಾಗಿದ್ದಳು. “ನೂರಾ ಒಂದು ಬರೆದಿದ್ದಾರಲ್ಲೋ, ಮುಯ್ಯಿಗೆ ಕೊಟ್ಟ ಹಾಗೆ!” ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ವಿವರಿಸಿದೆ. ಮೊದಲ ಸಾಲಿನಲ್ಲಿ ಯಾವಾಗಲೂ ಗ್ಯಾಸಿನ ಮಾತ್ರೆ ಇರುವುದನ್ನು ಮಾತ್ರ ಅವಳು ತಕ್ಷಣ ಅರ್ಥ ಮಾಡಿಕೊಂಡಳು. ಯಾವ ಪೂಜೆಗೂ ಮೊದಲು ಗಣಪತಿ. ಯಾವ ಚೀಟಿಗೂ ಮೊದಲು ಪ್ಯಾಂಟೊಪ್ರಜೋಲ್. ವ್ಯತ್ಯಾಸವೆಂದರೆ ಗಣಪತಿಯನ್ನು ನಾವು ಕಾಲಕ್ಕೆ ಸರಿಯಾಗಿ ವಿಸರ್ಜನೆ ಮಾಡುತ್ತೇವೆ. ಎರಡು ವಾರಕ್ಕೆಂದು ಬಂದ ಗ್ಯಾಸಿನ ಮಾತ್ರೆ ನಮ್ಮ ಮನೆಯಲ್ಲಿ ಏಳು ವರ್ಷ ಕೂತಿತ್ತು. ಬಹುಕಾಲ ತಿಂದರೆ ಅದು ಊಟದಲ್ಲಿನ ಬಿ-12 ಜೀವಸತ್ವ ಮೈಗೆ ಹತ್ತದಂತೆ ಮಾಡಬಲ್ಲದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ಗೂ ಅದೇ ಚಾಳಿ. ಎರಡೂ ಸೇರಿದ ಮೇಲೆ ಅಮ್ಮನ ಕಾಲು ಜೋಮು ಹಿಡಿಯತೊಡಗಿತು. ಅದಕ್ಕೆ ಬಿ-12ರ ಮಾತ್ರೆ ಬಂತು. ಹೀಗೆ ಬಟ್ಟಲು ತುಂಬುತ್ತದೆ.

ಅಮ್ಮನಿಗೆ ಮಾತ್ರೆಗಳ ಹೆಸರು ಗೊತ್ತಿಲ್ಲ, ಬಣ್ಣ ಗೊತ್ತು. ಗುಲಾಬಿಯದು ಬಿ.ಪಿ., ಹಳದಿಯದು ಹೃದಯ, ದೊಡ್ಡ ಬಿಳಿಯದು ಶುಗರ್. ಒಂದು ತಿಂಗಳು ಮೆಡಿಕಲ್ ಅಂಗಡಿಯಲ್ಲಿ ಹಳೆಯ ಕಂಪನಿಯದು ಇರಲಿಲ್ಲ, ಬೇರೆಯದನ್ನು ಕೊಟ್ಟರು. ಒಳಗಿನ ಔಷಧ ಒಂದೇ, ಬಣ್ಣ ಮಾತ್ರ ಬಿಳಿ. ಅಮ್ಮ ಇದು ಹೊಸದೆಂದು ತಿಳಿದು, ಡಬ್ಬಿಯಲ್ಲಿ ಉಳಿದಿದ್ದ ಗುಲಾಬಿಯ ಜೊತೆಗೆ ಇದನ್ನೂ ನುಂಗಿದಳು. ಎರಡು ದಿನ ಗೋಡೆ ಹಿಡಿದು ಓಡಾಡಿದಳು. ಅಂಗಡಿಯವರನ್ನು ದೂರುವಂತಿಲ್ಲ, ಕೊಟ್ಟದ್ದು ಸರಿಯಾದ ಔಷಧವೇ. ಆದರೆ ಒಂದು ದೂರು ಇದೆ. ನಾಲ್ಕು ಮಾತ್ರೆ ಕೇಳಿದರೆ ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರಲ್ಲ, ಆಗ ಹೆಸರು ಅವರ ಕಡೆ ಉಳಿಯುತ್ತದೆ, ಅವಧಿ ಮುಗಿಯುವ ತಾರೀಖು ಎಲ್ಲೋ ಹೋಗುತ್ತದೆ, ನಮ್ಮ ಕೈಗೆ ಬರುವುದು ಬೆಳ್ಳಿ ಬಣ್ಣದ ಅನಾಥ ಚೂರು.

ಇನ್ನು ಕಾಫಿಯ ವಿಷಯ. ಥೈರಾಯ್ಡ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು, ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ಕುಡಿಯಬಾರದು. ಕಾಫಿಯಂತೂ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಇದನ್ನು ಅಮ್ಮನಿಗೆ ಹೇಳಿದಾಗ ಅವಳು ನನ್ನನ್ನು ನೋಡಿದ ರೀತಿ ನೆನಪಿದೆ. ಎಪ್ಪತ್ತು ವರ್ಷದಿಂದ ಬೆಳಗಿನ ಐದೂವರೆಗೆ ಫಿಲ್ಟರಿನ ಮೊದಲ ಡಿಕಾಕ್ಷನ್ ಅವಳದು. “ಕಾಫಿ ಕುಡಿಯದೆ ಮಾತ್ರೆ ತಗೊಳ್ಳೋಕೆ ನೆನಪಾದರೂ ಹೇಗಾಗಬೇಕೋ?” ಎಂದಳು. ವಾದ ಬಲವಾಗಿಯೇ ಇತ್ತು. ಕಡೆಗೆ ಮಾತ್ರೆಯನ್ನೇ ನಾಲ್ಕೂವರೆಗೆ ಎಬ್ಬಿಸಿದೆವು. ವಯಸ್ಸಾದವರಿಗೆ ಆ ಹೊತ್ತಿನಲ್ಲಿ ಹೇಗೂ ಎಚ್ಚರ.

ಎಚ್ಚರವೆಂದೆನಲ್ಲ, ಕತೆ ಅಲ್ಲಿಂದಲೇ ಕೆಡುವುದು.

ಬಿ.ಪಿ.ಗೆ ಅಮ್ಮನಿಗೆ ಕೊಟ್ಟಿದ್ದು ಆಮ್ಲೊಡಿಪಿನ್. ಒಳ್ಳೆಯ ಔಷಧ, ಲಕ್ಷಾಂತರ ಜನ ತಿನ್ನುವಂಥದ್ದು. ಅದರಿಂದ ಕೆಲವರಿಗೆ ಪಾದ ಊದುತ್ತದೆ. ಅಮ್ಮನಿಗೂ ಊದಿತು. ಒಂದು ಆಸ್ಪತ್ರೆಗೆ ಕರೆದೊಯ್ದೆ. ನೀರು ಇಳಿಯುವ ಮಾತ್ರೆ ಬರೆದರು, 1-0-1. ಆಮ್ಲೊಡಿಪಿನ್‌ನ ಊತ ಮೈಯಲ್ಲಿ ನೀರು ಹೆಚ್ಚಾಗಿ ಬಂದದ್ದಲ್ಲ, ಸಣ್ಣ ರಕ್ತನಾಳಗಳು ಹಿಗ್ಗಿ ಜಿನುಗಿದ್ದು. ಹಾಗಾಗಿ ಊತ ಇಳಿಯಲಿಲ್ಲ. ಬದಲಿಗೆ ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳುವುದು ಶುರುವಾಯಿತು. ನಿದ್ದೆಯಿಲ್ಲವೆಂದು ಇನ್ನೊಂದು ಕಡೆ ಹೇಳಿದೆವು, ನಿದ್ದೆ ಮಾತ್ರೆ ಬಂತು. ಬೆಳಗ್ಗೆ ಎದ್ದರೆ ತಲೆಸುತ್ತು. ತಲೆಸುತ್ತಿಗೆ ಮಾತ್ರೆ ಬಂತು. ಅದನ್ನು ತಿಂಗಳುಗಟ್ಟಲೆ ತಿಂದ ಮೇಲೆ ಕೈ ನಡುಗತೊಡಗಿತು, ಚಮಚದ ಸಾರು ಸೀರೆಗೆ ಬೀಳತೊಡಗಿತು. “ವಯಸ್ಸಾಯ್ತಲ್ಲ, ಪಾರ್ಕಿನ್ಸನ್ ಇರಬಹುದು” ಎಂದು ನೆಂಟರೊಬ್ಬರು ಹೇಳಿದರು. ಅದಕ್ಕೂ ಒಂದು ಮಾತ್ರೆ ಬರುವುದರಲ್ಲಿತ್ತು. ಅಷ್ಟರಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಬಚ್ಚಲುಮನೆಯ ಹೊಸ್ತಿಲಲ್ಲಿ ಅಮ್ಮ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು.

ಅಡುಗೆ ಬಲ್ಲವರಿಗೆ ಈ ಕತೆ ಹೊಸದಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಹುಳಿ ಹಿಂಡುತ್ತೇವೆ. ಹುಳಿ ಮುಂದಾಯಿತೆಂದು ಬೆಲ್ಲ. ಬೆಲ್ಲ ಹೆಚ್ಚಾಯಿತೆಂದು ಖಾರದ ಪುಡಿ. ಖಾರ ನೆತ್ತಿಗೇರಿತೆಂದು ಕಾಯಿಹಾಲು. ಕೊನೆಗೆ ಪಾತ್ರೆ ತುಂಬ ಸಾರು, ಉಣ್ಣುವವರು ಯಾರೂ ಇಲ್ಲ. ಮೊದಲಿಗೇ ಉಪ್ಪಿನ ಕೈ ನೋಡಿಕೊಂಡಿದ್ದರೆ ಮುಗಿಯುತ್ತಿತ್ತು. ಔಷಧದ ಅಡ್ಡಪರಿಣಾಮವನ್ನು ಹೊಸ ರೋಗವೆಂದು ತಿಳಿದು ಅದಕ್ಕೊಂದು ಔಷಧ ಕೊಡುವ ಈ ಸರಪಳಿಗೆ ವೈದ್ಯಲೋಕ ತೊಂಬತ್ತರ ದಶಕದಲ್ಲೇ ಹೆಸರಿಟ್ಟು, ಎಚ್ಚರಿಕೆ ಹೇಳಿದೆ. ನಮ್ಮ ಮನೆಯಲ್ಲಿ ಅದಕ್ಕೆ ಇಟ್ಟಿದ್ದ ಹೆಸರು ‘ವಯಸ್ಸಾಯಿತು’.

ಕೈಗೆ ಹಾಕಿದ್ದ ಪಟ್ಟಿ ಬಿಚ್ಚಿದ ಮೇಲೆ ಪರಿಚಿತರೊಬ್ಬರು ಹೇಳಿದರೆಂದು ವೃದ್ಧರನ್ನೇ ನೋಡುವ ಒಬ್ಬ ಡಾಕ್ಟರಮ್ಮನ ಬಳಿ ಹೋದೆವು. ಫೋನಿನಲ್ಲಿ ಅವರು ಹೇಳಿದ್ದು ಒಂದೇ ಮಾತು: “ಚೀಟಿ ಬೇಡ. ಮನೆಯಲ್ಲಿ ಅಮ್ಮನ ಬಾಯಿಗೆ ಹೋಗುವ ಔಷಧ ಏನೇನಿದೆಯೋ ಅಷ್ಟನ್ನೂ ಒಂದು ಕೈಚೀಲಕ್ಕೆ ಹಾಕಿಕೊಂಡು ಬನ್ನಿ.” ನಾನು ಮಾತ್ರೆಗಳನ್ನು ಹಾಕಿದೆ. ಅಮ್ಮ ನನಗೆ ಕಾಣದಂತೆ ಇನ್ನೂ ಕೆಲವನ್ನು ಸೇರಿಸಿದಳು. ಮೇಜಿನ ಮೇಲೆ ಚೀಲ ಸುರಿದಾಗ ನಾನೇ ಬೆರಗಾದೆ. ನಾಲ್ಕು ವೈದ್ಯರ ಹನ್ನೊಂದು ಬಗೆಯ ಮಾತ್ರೆ. ಅದರ ಜೊತೆಗೆ ಕಷಾಯದ ಪುಡಿ, ಇಸಬ್ಗೋಲು, ಶೀತಕ್ಕೆಂದು ಯಾವಾಗಲೋ ತಂದ ಗುಳಿಗೆ, ಮತ್ತು ಪ್ಲಾಸ್ಟಿಕ್ ಕವರಿನಲ್ಲಿ ಹೆಸರಿಲ್ಲದ ಆರು ಕಿತ್ತಳೆ ಬಣ್ಣದ ಮಾತ್ರೆ.

“ಇದು ಯಾವುದಮ್ಮ?”

“ಅದು ಮಂಡಿನೋವಿಂದು. ಭಜನೆಗೆ ಬರ್ತಾರಲ್ಲ ಮೂಲೆಮನೆಯವರು, ಅವರಿಗೆ ಚೆನ್ನಾಗಿ ಹಿಡಿದಿದೆ. ಪಾಪ, ನನಗೂ ಕೊಟ್ಟರು.”

ಪ್ರಸಾದ ಹಂಚಿದ ಹಾಗೆ ನಮ್ಮಲ್ಲಿ ನೋವಿನ ಮಾತ್ರೆ ಹಂಚುತ್ತಾರೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಬಿ.ಪಿ. ಏರಿಸುತ್ತವೆ. ಕೆಲವು ಬಗೆಯ ಬಿ.ಪಿ. ಮಾತ್ರೆ, ನೀರಿಳಿಸುವ ಮಾತ್ರೆ, ಮೇಲೆ ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಸೇರಿದರೆ ಮುಪ್ಪಿನ ಮೂತ್ರಪಿಂಡ ಕೈಚೆಲ್ಲಿ ಕೂರಬಹುದು. ಶೀತದ ಹಳೆಯ ಗುಳಿಗೆಯೂ ಸಾಧು ಅಲ್ಲ. ಅದರಲ್ಲಿರುವ ಕ್ಲೋರ್‌ಫೆನಿರಮೈನ್ ಎಳೆಯರಿಗೆ ಬರೀ ನಿದ್ದೆ ತರಿಸಿದರೆ, ಹಿರಿಯರಿಗೆ ಮಲಬದ್ಧತೆ, ಮೂತ್ರ ಕಟ್ಟುವುದು, ತಲೆ ಮಂಕಾಗುವುದು ಎಲ್ಲವನ್ನೂ ತರಬಲ್ಲದು. ಹಿಂದಿನ ಮಳೆಗಾಲದಲ್ಲಿ ಅಮ್ಮ ಎರಡು ದಿನ ನನ್ನನ್ನು ತನ್ನ ತಮ್ಮನೆಂದು ಕರೆದದ್ದು ನೆನಪಾಯಿತು. ಆಗ ನಾವೆಲ್ಲ ಮರೆವಿನ ಕಾಯಿಲೆ ಬಂತೆಂದು ಅತ್ತಿದ್ದೆವು.

ಕಷಾಯದ ಪುಡಿಯನ್ನೂ ಡಾಕ್ಟರಮ್ಮ ಬಿಡಲಿಲ್ಲ. ಏನೇನು ಹಾಕುತ್ತೀರಿ ಎಂದು ಕೇಳಿದರು. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಜೇಷ್ಠಮಧು ಎಂದು ಅಮ್ಮ ಹೆಮ್ಮೆಯಿಂದ ಒಪ್ಪಿಸಿದಳು. “ಜೇಷ್ಠಮಧು ಎಷ್ಟು?” “ಸಿಹಿಯಾಗಿರುತ್ತಲ್ಲ, ಸ್ವಲ್ಪ ಮುಂದಾಗಿ ಹಾಕ್ತೀನಿ.” ಜೇಷ್ಠಮಧು ದಿನವೂ ಹೆಚ್ಚಾಗಿ ಹೊಟ್ಟೆ ಸೇರಿದರೆ ಬಿ.ಪಿ. ಏರುತ್ತದೆ, ರಕ್ತದ ಪೊಟ್ಯಾಶಿಯಂ ಇಳಿಯುತ್ತದೆ. ಬಿ.ಪಿ. ಇಳಿಸಲು ಒಂದು ಕೈಯಲ್ಲಿ ಮಾತ್ರೆ, ಏರಿಸಲು ಇನ್ನೊಂದು ಕೈಯಲ್ಲಿ ಲೋಟ! ಮನೆಯದು, ಗಿಡದ್ದು, ಬೇರಿನದು ಎಂದಾಕ್ಷಣ ಔಷಧವಲ್ಲವೆಂದು ನಾವು ತಿಳಿಯುತ್ತೇವೆ. ಔಷಧವಲ್ಲದಿದ್ದರೆ ಕೆಲಸವನ್ನಾದರೂ ಹೇಗೆ ಮಾಡೀತು? ದೇವನಹಳ್ಳಿಯ ಚಕ್ಕೋತಕ್ಕೆ ಎಷ್ಟು ಹೆಸರು! ಆ ಚಕ್ಕೋತ ಜಾತಿಗೂ ಕಿತ್ತಳೆಗೂ ಹುಟ್ಟಿದ ಗ್ರೇಪ್‌ಫ್ರೂಟ್ ಹಣ್ಣಿನ ರಸ ಕೆಲವು ಬಿ.ಪಿ. ಮಾತ್ರೆಗಳ, ಕೊಲೆಸ್ಟರಾಲ್ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಿಬಿಡುತ್ತದೆ. ಅದಕ್ಕೆ ಕಾರಣವಾದ ರಾಸಾಯನಿಕಗಳು ಚಕ್ಕೋತದಲ್ಲೂ ಇವೆ. ಹಣ್ಣು ತಿನ್ನಬೇಡಿ ಎನ್ನುತ್ತಿಲ್ಲ. ಕೇಳಿ ತಿನ್ನಿ ಎನ್ನುತ್ತಿದ್ದೇನೆ.

ಡಾಕ್ಟರಮ್ಮ ಆಮೇಲೆ ಅಮ್ಮನ ತೂಕ ನೋಡಿದರು. 42 ಕೆ.ಜಿ. ನಾನು ರಕ್ತಪರೀಕ್ಷೆಯ ಕಾಗದ ಮುಂದಿಟ್ಟು, ಕಿಡ್ನಿ ನಾರ್ಮಲ್ ಇದೆ ಎಂದೆ. ಕ್ರಿಯಾಟಿನಿನ್ 1.0 ಎಂದು ಅಚ್ಚಾಗಿತ್ತು, ಎದುರಿಗೆ ಯಾವ ನಕ್ಷತ್ರವೂ ಇರಲಿಲ್ಲ. ಅವರು ನಕ್ಕು, “ನೀವು ಬ್ಯಾಂಕಿನವರಲ್ಲವೇ, ಒಂದು ಲೆಕ್ಕ ಮಾಡಿ” ಎಂದು ಕಾಗದ ಕೊಟ್ಟರು.

ಲೆಕ್ಕ ಹೀಗಿದೆ. 140ರಲ್ಲಿ ವಯಸ್ಸು ಕಳೆಯಿರಿ. ಉಳಿದದ್ದನ್ನು ತೂಕದಿಂದ ಗುಣಿಸಿ. 72ರಿಂದಲೂ ಕ್ರಿಯಾಟಿನಿನ್‌ನಿಂದಲೂ ಭಾಗಿಸಿ. ಹೆಂಗಸರಾದರೆ ನೂರಕ್ಕೆ 85ರಷ್ಟು ಮಾತ್ರ ಹಿಡಿಯಿರಿ. ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬಿಬ್ಬರು 1976ರಲ್ಲಿ ಪ್ರಕಟಿಸಿದ ಸೂತ್ರ ಇದು. ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತವನ್ನು ಶುದ್ಧ ಮಾಡುತ್ತದೆಂಬ ಅಂದಾಜು ಸಿಗುತ್ತದೆ. ಮೊದಲು 70 ಕೆ.ಜಿ. ತೂಕದ 30 ವರ್ಷದ ಗಂಡಸಿಗೆ ಹಾಕಿದೆ. ಕ್ರಿಯಾಟಿನಿನ್ ಅದೇ 1.0. ಉತ್ತರ 107. ಆಮೇಲೆ ಅಮ್ಮನಿಗೆ ಹಾಕಿದೆ. 140ರಲ್ಲಿ 86 ಹೋದರೆ 54. ಇಂಟು 42, ಭಾಗಿಸು 72, ನೂರಕ್ಕೆ 85. ಉತ್ತರ 27. ಮತ್ತೊಮ್ಮೆ ಮಾಡಿದೆ. 27.

ಅಂದರೆ ಕಾಗದದ ಮೇಲೆ ಇಬ್ಬರದೂ ಒಂದೇ. ಕೆಲಸದಲ್ಲಿ ಅಮ್ಮನದು ಕಾಲುಭಾಗ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ಮುಪ್ಪಿನಲ್ಲಿ ಸ್ನಾಯು ಕರಗಿ ಅದು ಹುಟ್ಟುವುದೇ ಕಡಿಮೆಯಾಗುವುದರಿಂದ, ಹೊರಹಾಕುವ ಕೆಲಸ ಕುಂಟಿದರೂ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ಜಮೆಯೂ ಕಡಿಮೆ, ಖರ್ಚೂ ಕಡಿಮೆ ಇರುವ ಖಾತೆಯಂತೆ. ಬಾಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಮೂತ್ರಪಿಂಡದ ಮೂಲಕ ಹೊರಹೋಗಬೇಕಾದ ಔಷಧವೆಲ್ಲ ಅಷ್ಟರಲ್ಲಿ ಒಳಗೇ ಉಳಿದು ಕೂಡುತ್ತಿರುತ್ತದೆ.

ಇದು ಮೂತ್ರಪಿಂಡದ ಮಾತಾಯಿತು. ಪಿತ್ತಜನಕಾಂಗಕ್ಕೂ ರಕ್ತದ ಹರಿವು ಇಳಿಯುತ್ತದೆ. ಮೈಯಲ್ಲಿನ ನೀರು ಕಡಿಮೆಯಾಗುತ್ತದೆ: ಉಪ್ಪು ಅಷ್ಟೇ, ಸಾರು ಕಡಿಮೆ. ಕೊಬ್ಬಿನ ಪಾಲು ಹೆಚ್ಚುತ್ತದೆ: ಕೊಬ್ಬಿನಲ್ಲಿ ಕರಗುವ ಔಷಧಗಳು ಅಲ್ಲಿ ಅಡಗಿ ಕೂತು ನಿಧಾನವಾಗಿ ಹೊರಬರುತ್ತವೆ. ನಿದ್ದೆಗೆಂದು ಬಹಳ ಕಾಲ ಎಲ್ಲೆಲ್ಲೂ ಕೊಡುತ್ತಿದ್ದ ಡಯಾಜೆಪಾಮ್ ವಿಷಯದಲ್ಲಿ ವೈದ್ಯರು ಹೇಳುವ ಒಂದು ಒರಟು ಲೆಕ್ಕವಿದೆ: ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಎಷ್ಟು ಗಂಟೆ ಬೇಕೆಂದರೆ, ಹೆಚ್ಚುಕಡಿಮೆ ನಿಮಗೆ ಎಷ್ಟು ವರ್ಷವೋ ಅಷ್ಟು. 20ರ ಹರೆಯಕ್ಕೆ 20 ಗಂಟೆ, 80ಕ್ಕೆ 80 ಗಂಟೆ. ಮೂರು ದಿನ ಕಳೆದರೂ ಮೊದಲ ರಾತ್ರಿಯದು ಅರ್ಧದಷ್ಟೂ ತೀರಿಲ್ಲ, ಅಷ್ಟರಲ್ಲಿ ಇನ್ನೂ ಮೂರು ಒಳಗೆ ಹೋಗಿರುತ್ತವೆ. ಹಳೆ ಸಾಲ ತೀರದವರಿಗೆ ದಿನಾ ಹೊಸ ಸಾಲ ಕೊಟ್ಟರೆ ಏನಾಗುತ್ತದೆಂದು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ನೋಡಿದ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದರೆ ಮಾತ್ರೆ ಬದಲಾಗಲಿಲ್ಲ, ತಿನ್ನುವ ಮೈ ಬದಲಾಯಿತು. ಅರುವತ್ತರ ಅಮ್ಮನಿಗೆ ಅಳತೆ ತೆಗೆದು ಹೊಲಿದ ರವಿಕೆಯನ್ನು ಎಂಬತ್ತಾರರ ಅಮ್ಮ ತೊಟ್ಟರೆ ಜೋಲುತ್ತದೆಂದು ನಮಗೆ ಕಾಣುತ್ತದೆ. ಅಳತೆ ತಪ್ಪಿದ ಮಾತ್ರೆ ಕಾಣುವುದಿಲ್ಲ. ಹಿರಿಯರಿಗೆ ಕೊಡುವಾಗ ಎರಡು ಸಲ ಯೋಚಿಸಬೇಕಾದ ಔಷಧಗಳ ಪಟ್ಟಿಯೊಂದನ್ನು ಅಮೆರಿಕದ ಮಾರ್ಕ್ ಬಿಯರ್ಸ್ ಎಂಬ ವೃದ್ಧರ ವೈದ್ಯ 1991ರಲ್ಲಿ, ಅಲ್ಲಿನ ವೃದ್ಧರ ಆರೈಕೆ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ತಮ್ಮ ಸಂಗಡಿಗರ ಜೊತೆ ಮಾಡಿದರು. ಅವರು ಈಗಿಲ್ಲ, ಪಟ್ಟಿ ಅವರ ಹೆಸರಿನಲ್ಲೇ ಬೆಳೆಯುತ್ತಿದೆ, 2023ರಲ್ಲೂ ಪರಿಷ್ಕರಣೆಯಾಯಿತು. ಅಮ್ಮನ ಚೀಲದಲ್ಲಿದ್ದ ನಿದ್ದೆ ಮಾತ್ರೆ, ಶೀತದ ಗುಳಿಗೆ, ಕಿತ್ತಳೆ ಮಾತ್ರೆ ಮೂರೂ ಆ ಪಟ್ಟಿಯ ಹಳೆಯ ಗಿರಾಕಿಗಳು.

ಮೂರು ತಿಂಗಳಲ್ಲಿ ಹನ್ನೊಂದು ಮಾತ್ರೆ ಆರಾದವು. ಬಿ.ಪಿ.ಯದು ಬದಲಾಯಿತು, ಊತ ಇಳಿಯಿತು, ನೀರಿನ ಮಾತ್ರೆ ಹೋಯಿತು. ತಲೆಸುತ್ತಿನದು ಹೋದ ಮೇಲೆ ಕೈನಡುಕವೂ ತಾನಾಗಿ ಹೋಯಿತು. ಇದನ್ನು ಓದಿ ಯಾರಾದರೂ ನಾಳೆ ಬೆಳಗ್ಗೆ ಮಾತ್ರೆ ಬಿಟ್ಟೀರಿ, ಬೇಡ. ನಿದ್ದೆ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಇದ್ದ ನಿದ್ದೆಯೂ ಹೋಗಿ ಫಿಟ್ಸ್ ಕೂಡ ಬರಬಹುದು. ಹೃದಯಕ್ಕೆ ಕೊಡುವ ಕೆಲವು ಮಾತ್ರೆ ಬಿಟ್ಟರೆ ಎದೆನೋವು ಮರುಕಳಿಸುತ್ತದೆ. ಅಮ್ಮನ ನಿದ್ದೆ ಮಾತ್ರೆಯನ್ನು ಅರ್ಧ, ಕಾಲು, ದಿನ ಬಿಟ್ಟು ದಿನ ಎಂದು ಇಳಿಸಲು ಎರಡೂವರೆ ತಿಂಗಳು ಹಿಡಿಯಿತು. ಶುರು ಮಾಡಿದಷ್ಟು ಸುಲಭವಲ್ಲ ನಿಲ್ಲಿಸುವುದು. ನಮ್ಮಲ್ಲಿ ಶುರು ಮಾಡಲು ಹತ್ತು ಜನರಿದ್ದಾರೆ, ಮೂಲೆಮನೆಯವರೂ ಸೇರಿದಂತೆ. ನಿಲ್ಲಿಸುವುದು ಮಾತ್ರ ಯಾರ ಕೆಲಸವೂ ಅಲ್ಲ.

ನಾನು ಎಣಿಸದೇ ಇದ್ದದ್ದು ಅಮ್ಮನ ದುಃಖ. ಬಟ್ಟಲುಗಳಲ್ಲಿ ತಳ ಕಾಣತೊಡಗಿದ ಮೇಲೆ ಒಂದು ಸಂಜೆ ಡಬ್ಬಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. “ಎಂತಕ್ಕೆ ಹೀಗೆ ಕೂತಿದ್ದೀಯ?” ಎಂದೆ. “ಇಷ್ಟೇ ಸಾಕು ಅಂದುಬಿಟ್ಟರಾ? ಕೈಬಿಟ್ಟರೇನೋ?” ಎಂದಳು. ಆ ತುಂಬಿದ ಬಟ್ಟಲು ಅವಳ ಪಾಲಿಗೆ ಮಕ್ಕಳ ಅಕ್ಕರೆಯ ಅಳತೆಯೂ ಆಗಿತ್ತೆಂದು ನನಗೆ ಹೊಳೆದಿರಲಿಲ್ಲ. ನಾನು ತಿಂಗಳಿಗೊಮ್ಮೆ ಅಂಗಡಿಯಿಂದ ಚೀಲ ತುಂಬ ತಂದು ಅವಳ ಮುಂದಿಡುತ್ತಿದ್ದೆನಲ್ಲ, ನನಗೂ ಅದು ಹಾಗೆಯೇ ಇತ್ತೇನೋ. ಪಕ್ಕದಲ್ಲಿ ಅರ್ಧ ಗಂಟೆ ಕೂರುವುದಕ್ಕಿಂತ ಸ್ಟ್ರಿಪ್ ತರುವುದು ಸುಲಭ. ಮುಂದಿನ ಸಲ ಹೋದಾಗ ಡಾಕ್ಟರಮ್ಮನಿಗೆ ಇದನ್ನು ಹೇಳಿದೆ. ಅವರು ಅಮ್ಮನ ಕೈ ಹಿಡಿದು, “ನಿಮ್ಮನ್ನು ಇನ್ನೂ ಬಹಳ ದಿನ ನೋಡಬೇಕು ಅಂತಲೇ ಕಡಿಮೆ ಮಾಡಿದ್ದಮ್ಮ” ಎಂದರು. ಅಮ್ಮ ಪೂರ್ತಿ ನಂಬಲಿಲ್ಲ. ಆದರೆ ಆ ರಾತ್ರಿ ಬಿಡದೆ ಐದು ಗಂಟೆ ನಿದ್ದೆ ಮಾಡಿದಳು.

ಮನೆಯಲ್ಲಿ ಹಿರಿಯರಿದ್ದರೆ ಒಂದು ಕೈಚೀಲ ಹುಡುಕಿ. ಚೀಟಿಯಲ್ಲಿರುವುದು, ಇಲ್ಲದಿರುವುದು, ಕಷಾಯ, ಪುಡಿ, ಮೂಲೆಮನೆಯ ಪ್ರಸಾದ ಎಲ್ಲವನ್ನೂ ಅದಕ್ಕೆ ಹಾಕಿ. ವರ್ಷಕ್ಕೊಮ್ಮೆಯಾದರೂ ಒಬ್ಬರೇ ವೈದ್ಯರ ಮುಂದೆ ಸುರಿದು, ಇವುಗಳಲ್ಲಿ ಯಾವುದು ಇನ್ನೂ ಬೇಕು ಎಂದು ಕೇಳಿ. ಹೊಸದಾಗಿ ಏನಾದರೂ ತೊಂದರೆ ಕಂಡರೆ, ವಯಸ್ಸಾಯಿತು ಎನ್ನುವ ಮೊದಲು ಹೊಸದಾಗಿ ಯಾವ ಮಾತ್ರೆ ಬಂತು ಎಂದು ನೋಡಿ.

ಕಳೆದ ತಿಂಗಳಿನಿಂದ ನನಗೂ ಬಿ.ಪಿ. ಮಾತ್ರೆ ಶುರುವಾಗಿದೆ. ಅಮ್ಮ ನಡುವಿನ ಬಟ್ಟಲು ಖಾಲಿ ಮಾಡಿ, ತನ್ನ ಭಾನುವಾರವನ್ನು ಒಂದು ಚಿಕ್ಕ ಕುಂಕುಮದ ಭರಣಿಗೆ ಸಾಗಿಸಿ, “ನಿಂದು ಇದರಲ್ಲಿಡು, ಕಳೆದುಹಾಕ್ತೀಯ” ಎಂದಳು. ನನಗೀಗ 64. 140ರಲ್ಲಿ ಕಳೆದರೆ ಉಳಿಯುವುದು 76. ಮುಂದಿನ ವರ್ಷ 75.